ಮುಳುಗಿಸುವವರನ್ನು ಹುಡುಕಿದವರು

ಅವರು ಕುರ್ಚಿಗೆ ಬೆನ್ನು ಆನಿಸಿ ಕೂತದ್ದನ್ನು ನಾನು ಕಂಡದ್ದು ಒಂದೇ ಒಂದು ಚಳಿಗಾಲದಲ್ಲಿ. ಆ ಚಳಿಗಾಲದ ಮಾತು ಆಮೇಲೆ. ಉಳಿದ ವರ್ಷಗಳಲ್ಲೆಲ್ಲ ಅವರು ಕುರ್ಚಿಯ ತುದಿಯಲ್ಲಿ, ಈಗಲೋ ಆಗಲೋ ಬಸ್ಸು ಬಂದುಬಿಡುತ್ತದೆ ಎನ್ನುವವರ ಹಾಗೆ, ಒಂದು ಕಾಲು ಮುಂದಿಟ್ಟೇ ಕೂರುತ್ತಿದ್ದರು. ಟೀ ನಿಂತು ಕುಡಿಯುವರು. ಊಟದ ಡಬ್ಬಿ ಅರ್ಧ ಖಾಲಿಯಾಗುವಷ್ಟರಲ್ಲಿ ಎದ್ದು ಕಿಟಕಿಯವರೆಗೆ ಹೋಗಿ ಬಂದು ಇನ್ನರ್ಧ ಮುಗಿಸುವರು. ಮಾತಾಡುವಾಗ ಕೈಯಲ್ಲಿ ತುಂಡು ತಂತಿಯೊಂದು ಇರಲೇಬೇಕು. ಮಾತು ಮುಗಿಯುವ ಹೊತ್ತಿಗೆ ಅದು ಸ್ಪ್ರಿಂಗೋ ಕೊಕ್ಕೆಯೋ ಆಗಿರುತ್ತಿತ್ತು. ಅದನ್ನು ಜೇಬಿಗೆ ಹಾಕಿಕೊಂಡು ಹೊರಟುಬಿಡುವರು.

ಹೋದ ತಿಂಗಳು ಅವರು ತೀರಿಕೊಂಡರು. ದೊಡ್ಡಬಳ್ಳಾಪುರದಲ್ಲಿ ಅವರನ್ನು ಬಲ್ಲವರು ಬಹಳ. ಹೆಚ್ಚಿನವರಿಗೆ ಅವರು ಫೋನು ಕೆಟ್ಟಾಗ ಸೈಕಲ್ಲಿನಲ್ಲಿ ಬರುತ್ತಿದ್ದ ಟೆಲಿಫೋನ್ ಎಕ್ಸ್‌ಚೇಂಜಿನ ಟೆಕ್ನಿಷಿಯನ್. ನಾನು ಬರೆಯಲು ಕೂತಿರುವುದು ಅದಲ್ಲ. ಅವರು ಯುದ್ಧದ ಹಡಗುಗಳನ್ನು ಕಟ್ಟುತ್ತಿದ್ದರು. ನಾಲ್ಕು ಅಡಿ ಉದ್ದದವು, ರೇಡಿಯೊದಿಂದ ದಡದಲ್ಲೇ ನಿಂತು ನಡೆಸುವಂಥವು. ಅವಕ್ಕೆ ಫಿರಂಗಿ ಇಡುತ್ತಿದ್ದರು. ಆ ಫಿರಂಗಿ ನಿಜವಾಗಿ ಗುಂಡು ಹಾರಿಸುತ್ತಿತ್ತು. ಎದುರಿನ ಹಡಗು ನಿಜವಾಗಿ ತೂತಾಗಿ ಮುಳುಗುತ್ತಿತ್ತು.

ನಾನು ೧೯೮೮ರಲ್ಲಿ ಅದೇ ಎಕ್ಸ್‌ಚೇಂಜಿಗೆ ಗುಮಾಸ್ತನಾಗಿ ಬಂದೆ. ನಮ್ಮೂರು ನಂದಗುಡಿ ಕಡೆ. ಬಸ್ಸು ಎಷ್ಟು ಹೊತ್ತಿಗೆ ಬಂತು, ದಿನಕ್ಕೆ ಎಷ್ಟು ಟ್ರಂಕ್ ಕಾಲ್ ಆದವು, ಮಳೆ ಹನಿಯಿತೇ ಇಲ್ಲವೇ ಎಂದೆಲ್ಲ ತಾರೀಖು ಹಾಕಿ ಬರೆದಿಡುವ ಚಟ ನನಗೆ ಹೈಸ್ಕೂಲಿನಿಂದಲೂ ಇತ್ತು. ಅದನ್ನು ಬೇರೆಯವರು ನೋಡಿ ನಕ್ಕರು. ಅವರು ನಗಲಿಲ್ಲ. ಒಂದು ವಾರ ನನ್ನ ಮೇಜಿನ ಸುತ್ತ ಸುಳಿದಾಡಿ, ಕಡೆಗೆ ಕೇಳಿದರು:

“ಏನಪ್ಪಾ ಡೈರಿ, ತೂತು ಎಣಿಸೋಕೆ ಬರುತ್ತಾ ನಿನಗೆ?”

ಅಂದಿನಿಂದ ನನ್ನ ಹೆಸರು ಡೈರಿ ಎಂದೇ ಆಯಿತು. ಭಾನುವಾರಗಳಂದು ರಾಜಘಟ್ಟದ ದಾರಿಯಲ್ಲಿರುವ ಕೆರೆಯ ದಂಡೆಯಲ್ಲಿ ನಿಂತು ತೂತು ಎಣಿಸುವುದು ನನ್ನ ಕೆಲಸವಾಯಿತು.

ಹಡಗಿನ ಒಳಗಿನ ಚೌಕಟ್ಟು ಪ್ಲೈವುಡ್ಡಿನದು. ಅದರ ಮೇಲೆ ಬಾಲ್ಸಾ ಎಂಬ, ಬೆಂಡಿನಷ್ಟು ಹಗುರವಾದ ಮರದ ತೆಳು ಹಾಳೆ. ಹಾಳೆಯ ಮೇಲೆ ರೇಷ್ಮೆ. ಈ ರೇಷ್ಮೆ ಅವರ ಹೆಂಡತಿಯ ತವರಿನದು. ಅಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿದ್ದವು. ಕೆಟ್ಟು ಕತ್ತರಿಸಿ ತೆಗೆದ ಸೀರೆಯ ತುಂಡನ್ನು ಮರಕ್ಕೆ ಅಂಟಿಸಿ ವಾರ್ನಿಷ್ ಎಳೆದರೆ ಅದು ಚರ್ಮದ ಹಾಗೆ ಹಿಡಿದುಕೊಳ್ಳುತ್ತಿತ್ತು. ಮೇಲೆ ಬೂದು ಬಣ್ಣ ಬಳಿಯುವ ಮುಂಚೆ ನೋಡಬೇಕಿತ್ತು: ಗಿಳಿಹಸಿರು ಒಡಲು, ಜರಿ ಅಂಚು, ಯುದ್ಧನೌಕೆಯೊಂದು ಮದುವೆಗೆ ಹೊರಟು ನಿಂತ ಹಾಗೆ. ಫಿರಂಗಿಗೆ ಹಿತ್ತಾಳೆಯ ನಳಿಕೆ. ಗುಂಡಿಗೆ ಸೈಕಲ್ ಚಕ್ರದ ಉಕ್ಕಿನ ಚರೆ. ಅದನ್ನು ತಳ್ಳಲು ಮನೆಯಲ್ಲಿ ಸೋಡಾ ಮಾಡುವ ಜಗ್ಗಿಗೆ ಹಾಕುವ ಪುಟ್ಟ ಗ್ಯಾಸ್ ಬುಡ್ಡಿ. ಒಳಗೆ ನುಗ್ಗಿದ ನೀರನ್ನು ಹೊರಗೆಸೆಯಲು ಕಾರಿನ ಗಾಜು ತೊಳೆಯುವ ಪಂಪು. ರೇಡಿಯೊ ಸೆಟ್ಟುಗಳನ್ನು ಮಾತ್ರ ಜಕ್ಕೂರಿನಲ್ಲಿ ಆಟದ ವಿಮಾನ ಹಾರಿಸುತ್ತಿದ್ದವರಿಂದ ತಂದಿದ್ದರು.

ಈ ಹುಚ್ಚು ಹಿಡಿದದ್ದು ಅವೆನ್ಯೂ ರಸ್ತೆಯ ಫುಟ್‌ಪಾತಿನಲ್ಲಿ ಸಿಕ್ಕ ಒಂದು ಹಳೆಯ ವಿದೇಶಿ ಪತ್ರಿಕೆಯಿಂದ. ಅದರ ರಟ್ಟು ಹರಿದಿತ್ತು. ಒಳಗೆ ಯಾವುದೋ ಕೊಳದಲ್ಲಿ ಹತ್ತಾರು ಜನ ಮಂಡಿಯುದ್ದ ನೀರಿನಲ್ಲಿ ನಿಂತು ತಮ್ಮ ತಮ್ಮ ಹಡಗುಗಳಿಂದ ಗುಂಡು ಹೊಡೆದುಕೊಳ್ಳುತ್ತಿರುವ ಚಿತ್ರ. ಅದನ್ನು ಅವರು ನನಗೆ ತೋರಿಸುವಾಗ ಬೆರಳಿಟ್ಟದ್ದು ಹಡಗುಗಳ ಮೇಲಲ್ಲ, ಆ ಜನರ ಮೇಲೆ.

“ಹತ್ತು ಜನ ಕಣಪ್ಪಾ. ಒಂದೇ ಊರಲ್ಲಿ ಹತ್ತು ಜನ ಶತ್ರುಗಳು. ಪುಣ್ಯ ಮಾಡಿದ್ದಾರೆ.”

ಇದೇ ಅವರ ಸಂಕಟವಾಗಿತ್ತು. ಹಡಗು ಕಟ್ಟುವುದು ಒಬ್ಬರಿಂದ ಆಗುವ ಕೆಲಸ. ಕಾದಾಡಲು ಇನ್ನೊಬ್ಬರು ಬೇಕು. ಮೊದಲು ಒಂದು ಡಬ್ಬಿಯನ್ನು ತೇಲಿಬಿಟ್ಟು ಹೊಡೆದು ನೋಡಿದರಂತೆ. ಎರಡೇ ದಿನಕ್ಕೆ ಬೇಸರ ಬಂತು. ಡಬ್ಬಿ ತಿರುಗಿ ಹೊಡೆಯುವುದಿಲ್ಲವಲ್ಲ ಎನ್ನುತ್ತಿದ್ದರು. ಹಾಗಾಗಿ ಊರೆಲ್ಲ ಶತ್ರುವನ್ನು ಹುಡುಕಿದರು. ಹೈಸ್ಕೂಲಿನ ಪಿ.ಟಿ. ಮೇಷ್ಟರು ಎರಡು ಭಾನುವಾರ ಬಂದು, ಇದಕ್ಕಿಂತ ಗಾಳ ಹಾಕುವುದು ವಾಸಿ ಎಂದು ಹೊರಟುಹೋದರು. ಫೋನು ರಿಪೇರಿಗೆ ಹೋದ ಮನೆಗಳಲ್ಲೂ ವಿಚಾರಿಸುತ್ತಿದ್ದರು ಎಂದು ಆಮೇಲೆ ತಿಳಿಯಿತು. ರೇಷ್ಮೆ ವ್ಯಾಪಾರದ ಒಬ್ಬ ಸಾಹುಕಾರರು, ನಮಗಿರೋ ಶತ್ರುಗಳೇ ಸಾಕಪ್ಪಾ, ಹೊಸದಾಗಿ ಯಾಕೆ ಎಂದು ಕೈಮುಗಿದರಂತೆ.

ಕಡೆಗೆ ಸಿಕ್ಕವನು ಅವರ ಬಾಮೈದ, ಹೆಂಡತಿಯ ತಮ್ಮ. ತವರಿನ ಮಗ್ಗಗಳನ್ನು ನೋಡಿಕೊಳ್ಳುತ್ತಿದ್ದವನು. ಅವನಿಗೆ ಭಾವ ಎಂದರೆ ಜೀವ. ಹಡಗು ಕಟ್ಟುವಷ್ಟು ಸಹನೆ ಇಲ್ಲವೆಂದ. ಅದಕ್ಕೇನಂತೆ ಎಂದು ತಮ್ಮಲ್ಲಿದ್ದ ಎರಡರಲ್ಲಿ ಉತ್ತಮವಾದದ್ದನ್ನೇ ಅವನಿಗೆ ಕೊಟ್ಟು, ತಾವು ನಿಧಾನವಾದದ್ದನ್ನು ಇಟ್ಟುಕೊಂಡರು. ಶತ್ರು ಬಲವಾಗಿರಬೇಕು ಎಂಬುದು ಅವರ ನ್ಯಾಯ.

ಅವರ ನಿಯಮಗಳು ಬಿಗಿ. ಹಡಗಿನ ಪಕ್ಕದಲ್ಲಿ ನೀರು ಮುಟ್ಟುವ ಮಟ್ಟಕ್ಕೆ ಒಂದು ಬಿಳಿ ಗೆರೆ. ಗೆರೆಗಿಂತ ಮೇಲಿನ ತೂತಿಗೆ ಹತ್ತು ಅಂಕ, ಗೆರೆಗೇ ಬಿದ್ದದ್ದಕ್ಕೆ ಇಪ್ಪತ್ತೈದು, ಗೆರೆಯ ಕೆಳಗಿನದಕ್ಕೆ ಐವತ್ತು. ಹಡಗನ್ನು ಮುಳುಗಿಸುವುದು ಆ ಕೆಳಗಿನ ತೂತುಗಳೇ. ನೀರಿಗಿಳಿಯುವವರೆಗೆ ನಳಿಕೆಯ ಬಾಯಿಗೆ ಕೆಂಪು ರಿಬ್ಬನ್ನಿನ ಬಿರಡೆ ಇರಬೇಕು. ದಡದಲ್ಲಿರುವವರೆಲ್ಲ ವೆಲ್ಡಿಂಗಿನವರ ಕನ್ನಡಕ ಹಾಕಿರಬೇಕು. ದನ ಮೈತೊಳೆಯಲು ಬಂದವರನ್ನೂ ಅವರು ಬಿಡುತ್ತಿರಲಿಲ್ಲ. ಮತ್ತು ಎಲ್ಲಕ್ಕಿಂತ ದೊಡ್ಡದು, ಹಡಗಿನ ಮೈ ತೆಳುವಾಗಿರಬೇಕು. ವಾರ್ನಿಷ್ ದಪ್ಪ ಬಳಿದು ಗಟ್ಟಿ ಮಾಡುವುದು ಮಹಾಪಾಪ.

“ಹೊಡೆದ್ರೆ ತೂತು ಬೀಳ್ಬೇಕು. ಬೀಳ್ದೇ ಇದ್ರೆ ಅದು ಹಡಗಲ್ಲ, ಟ್ರಂಕು” ಎನ್ನುತ್ತಿದ್ದರು.

ಅವರ ಹಡಗು ಮೊದಲ ಸಲ ಮುಳುಗಿದ್ದು ೧೯೯೦ರ ಜನವರಿಯಲ್ಲಿ. ನಾನು ಅಲ್ಲಿದ್ದೆ. ಹಿಂಭಾಗ ಇಳಿಯಿತು, ಮೂತಿ ಮೇಲೆದ್ದಿತು, ಒಂದು ಗುಳ್ಳೆ ಬಂತು, ಆಮೇಲೆ ಹಗ್ಗದ ತುದಿಗೆ ಕಟ್ಟಿದ ಥರ್ಮೊಕೋಲಿನ ತುಂಡು ಮಾತ್ರ ನೀರಿನ ಮೇಲೆ. ಮುಳುಗಿದ ಜಾಗ ತಿಳಿಯಲೆಂದು ಕಟ್ಟುವುದು ಅದು. ಬಾಮೈದ ಹೆದರಿ, ಭಾವ ತಪ್ಪಾಯ್ತು ಎಂದ. ಇವರು ಪ್ಯಾಂಟನ್ನೂ ಮಡಿಸದೆ ಎದೆಯುದ್ದ ನೀರಿಗೆ ನಡೆದು, ಹಡಗನ್ನು ತಲೆಯ ಮೇಲೆ ಹೊತ್ತುಕೊಂಡು ಬಂದರು. ಮೈಯೆಲ್ಲ ನೀರು, ಮುಖವೆಲ್ಲ ನಗು. ಗೆರೆಯ ಕೆಳಗೆ ನಾಲ್ಕು, ಗೆರೆಗೇ ಬಿದ್ದದ್ದು ಒಂದು. ನಾನು ಬರೆದುಕೊಳ್ಳುವಾಗ ಬಗ್ಗಿ ನೋಡಿ, ಐದನೆಯದನ್ನು ಬಿಟ್ಟಿಲ್ಲವಷ್ಟೇ ಎಂದು ಖಾತ್ರಿ ಮಾಡಿಕೊಂಡರು.

ಆದರೆ ಮುಳುಗಿದ ಮೇಲೆ ಅವರಿಗೆ ನಿದ್ದೆ ಇರುತ್ತಿರಲಿಲ್ಲ. ಯಾಕೆ ಮುಳುಗಿತು, ಪಂಪು ಎಲ್ಲಿರಬೇಕಿತ್ತು, ತಿರುಗುವಾಗ ಯಾಕೆ ವಾಲಿತು ಎಂದು ಒಡಲನ್ನು ಬಿಚ್ಚಿ ಕೂರುವರು. ಮುಂದಿನ ಭಾನುವಾರಕ್ಕೆ ಅದು ಬೇರೆಯೇ ಹಡಗು. ಮುದ್ದೆ ಆರಿ ಕಲ್ಲಾಗುತ್ತಿತ್ತು. ಹೆಂಡತಿ ತಟ್ಟೆಯ ಮೇಲೆ ತಟ್ಟೆ ಮುಚ್ಚಿಟ್ಟು, ಒಮ್ಮೊಮ್ಮೆ ನನಗೆ ಹೇಳುವರು, ನೋಡಪ್ಪಾ, ಸವತಿ ಇದ್ದಿದ್ರೆ ಜಗಳನಾದ್ರೂ ಆಡ್ಬಹುದಿತ್ತು ಅಂತ. ಹೀಗೆ ಎರಡು ವರ್ಷ ನಡೆಯಿತು. ೧೯೯೨ರ ಮಳೆಗಾಲದಲ್ಲಿ, ಎಕ್ಸ್‌ಚೇಂಜಿನ ಏಣಿಯಿಂದ ಇಳಿಯುತ್ತಿದ್ದವರು ತಲೆ ಸುತ್ತಿ ಕೆಳಗೆ ಕೂತುಬಿಟ್ಟರು. ರಕ್ತದೊತ್ತಡ, ಎದೆಯೂ ಅಷ್ಟು ಚೆನ್ನಾಗಿಲ್ಲ, ನಿದ್ದೆಗೆಡಬಾರದು, ಹೊತ್ತಿಗೆ ಸರಿಯಾಗಿ ಊಟ ಮಾಡಬೇಕು ಎಂದರು ಡಾಕ್ಟರು. ಹಡಗನ್ನು ಬಿಡಿ ಎಂದು ಯಾರೂ ಹೇಳಲಿಲ್ಲ. ಹೇಳಿದರೂ ಅವರು ಕೇಳುತ್ತಿರಲಿಲ್ಲ.

ಅಲ್ಲಿಂದ ಮುಂದೆ ಒಂದು ವಿಚಿತ್ರ ನಡೆಯಿತು. ಅವರು ಗೆಲ್ಲತೊಡಗಿದರು.

ಪ್ರತಿ ಭಾನುವಾರ ಗೆಲುವು. ಅವರ ಹಡಗಿನ ಮೇಲಂತಸ್ತಿನಲ್ಲಿ ಒಂದೆರಡು ತೂತು, ಹತ್ತಿಪ್ಪತ್ತು ಅಂಕ, ಅಷ್ಟೇ. ಮುಳುಗದಿದ್ದರಿಂದ ಬಿಚ್ಚಿ ಕೂರುವ ಕೆಲಸವಿಲ್ಲ. ರಾತ್ರಿ ಮಲಗಿದರು, ಹೊತ್ತಿಗೆ ಉಂಡರು. ಮನೆಯವರಿಗೆ ಸಮಾಧಾನವಾಯಿತು. ಅವರಿಗೆ ಮಾತ್ರ ಆಗಲಿಲ್ಲ. ಗೆದ್ದು ಬಂದ ದಿನವೇ ಅವರ ಓಡಾಟ ಹೆಚ್ಚುತ್ತಿತ್ತು. ಎಕ್ಸ್‌ಚೇಂಜಿನ ಜಗಲಿಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತ, ಏನೋ ಸರಿಯಿಲ್ಲ ಕಣಪ್ಪಾ ಡೈರಿ, ನನ್ನ ಹಡಗಲ್ಲೇ ಏನೋ ಮೋಸ ಇದೆ ಎನ್ನುತ್ತಿದ್ದರು. ತಮಗೇ ಗೊತ್ತಿಲ್ಲದೆ ವಾರ್ನಿಷ್ ಹೆಚ್ಚು ಬಳಿದಿರಬೇಕೆಂದು ಹಳೆಯ ಮೈಯನ್ನು ಕಿತ್ತು ಹಪ್ಪಳಕ್ಕಿಂತ ತೆಳುವಾಗಿ ಹೊಸ ಮೈ ಹೊದಿಸಿದರು. ಗೆದ್ದರು. ಪಂಪನ್ನು ತೆಗೆದುಹಾಕಿದರು. ಗೆದ್ದರು. ಒಂದು ಭಾನುವಾರ ಕೆರೆಯ ನಡುವೆ ಹಡಗನ್ನು ಅಡ್ಡಲಾಗಿ ನಿಲ್ಲಿಸಿ, ಹೊಡಿ ಹೊಡಿ ಎಂದು ಬಾಮೈದನಿಗೆ ಕೂಗಿದರು. ಅವನು ಹೊಡೆದ. ಎಲ್ಲ ಚರೆಯೂ ಹೊಗೆಕೊಳವೆಗೇ ಬಿತ್ತು.

ಅಂದು ದಡದಲ್ಲಿ ತೂತುಗಳಿಗೆ ರೇಷ್ಮೆಯ ತೇಪೆ ಹಾಕುತ್ತಿದ್ದಾಗ ಅವರು ಬಾಮೈದನ ಹಡಗನ್ನು ಎತ್ತಿಕೊಂಡರು. ನಳಿಕೆ ಒರೆಸಲೆಂದೇ ಎತ್ತಿದ್ದು. ಒಂದು ಕಣ್ಣು ಮುಚ್ಚಿ ನಳಿಕೆಯ ಹಿಂದಿನಿಂದ ನೋಡಿದರು. ಹಾಗೇ ನಿಂತುಬಿಟ್ಟರು. ಗೆರೆಯ ಕೆಳಗೆ ಹೊಡೆಯಬೇಕಾದರೆ ನಳಿಕೆ ತಲೆ ತಗ್ಗಿಸಿರಬೇಕು. ಇದು ತಲೆ ಎತ್ತಿತ್ತು. ಅದರ ಮುಂತುದಿಯ ಕೆಳಗೆ ಏನೋ ಸಿಕ್ಕಿಸಿತ್ತು. ಉಗುರಿನಿಂದ ಎಳೆದರು. ಎರಡು ಮಡಿಕೆ ಮಾಡಿದ ರಟ್ಟಿನ ಚೂರು, ತೂತು ತೂತು. ಸೀರೆಯ ಅಂಚಿನಲ್ಲಿ ಹೂಬಳ್ಳಿ ಮೂಡಿಸಲು ಮಗ್ಗದ ಮೇಲೆ ಕಟ್ಟುವ ಜಕಾರ್ಡಿನ ರಟ್ಟು. ಅದು ಎಲ್ಲಿಯದೆಂದು ಕೇಳಬೇಕಾಗಿರಲಿಲ್ಲ.

“ಎಷ್ಟು ದಿನದಿಂದ ಇದು?” ಎಂದರು.

ಬಾಮೈದ ಕನ್ನಡಕವನ್ನು ತೆಗೆಯಲಿಲ್ಲ. “ನೀವು ಏಣಿ ಇಳೀವಾಗ ತಲೆ ಸುತ್ತಿ ಕೂತ್ರಲ್ಲ ಭಾವ, ಆವಾಗಿಂದ.”

“ಯಾರು ಹೇಳಿದ್ದು?”

“ಅಕ್ಕ.”

ಕೂಗಾಡುತ್ತಾರೆಂದು ನಾನು ಕಾದೆ. ಕೂಗಾಡಲಿಲ್ಲ. ಆ ಚೂರನ್ನು ಅಂಗಿಯ ಜೇಬಿಗೆ ಹಾಕಿಕೊಂಡು, ಎರಡು ಹಡಗನ್ನೂ ಗೋಣಿತಾಟಿನಲ್ಲಿ ಸುತ್ತಿ, ಸೈಕಲ್ಲಿಗೆ ಕಟ್ಟಿಕೊಂಡು ಹೋದರು. ಬಾಮೈದ ನನ್ನ ಕಡೆ ತಿರುಗಿ, ಗುರು, ನಾನೇನು ಅವರ ಕೆಟ್ಟದ್ದಕ್ಕೆ ಮಾಡಿದ್ನಾ ಎಂದ.

ಅಲ್ಲಿಂದ ಆ ಚಳಿಗಾಲ, ನಾನು ಮೊದಲು ಹೇಳಿದ್ದು. ಹಡಗುಗಳು ಅಟ್ಟ ಸೇರಿದವು. ಅವರು ಎಕ್ಸ್‌ಚೇಂಜಿಗೆ ಬಂದು ಕುರ್ಚಿಯಲ್ಲಿ ಪೂರ್ತಿ ಹಿಂದಕ್ಕೆ ಕೂರುತ್ತಿದ್ದರು. ಟೀಯನ್ನು ಸಾಸರಿಗೆ ಬಗ್ಗಿಸಿಕೊಂಡು, ಆರಿಸಿ, ಕೂತು ಕುಡಿಯುತ್ತಿದ್ದರು. ಕೈಯಲ್ಲಿ ತಂತಿ ಇರಲಿಲ್ಲ. ಮನೆಯಲ್ಲಿ ಹೆಂಡತಿಯ ಮೇಲೆ ಒಂದು ಕೆಟ್ಟ ಮಾತೂ ಆಡಲಿಲ್ಲವಂತೆ. ಬಡಿಸಿದ್ದನ್ನು ಉಂಡು, ಒಂಬತ್ತಕ್ಕೆ ಮಲಗಿಬಿಡುವರಂತೆ. ಡಾಕ್ಟರು ಹೇಳಿದ್ದು ಅಕ್ಷರಶಃ ಹಾಗೇ ನಡೆಯುತ್ತಿತ್ತು. ನಾವೆಲ್ಲ ಹೆದರಿದೆವು. ಸಾಹೇಬರು ಬಂದು, ಇವರಿಗೆ ಮೈ ಸರಿಯಿಲ್ಲವೇನ್ರೀ ಎಂದು ನನ್ನನ್ನು ಕೇಳಿದರು.

ಸಂಕ್ರಾಂತಿ ಕಳೆದ ವಾರ ಅವರ ಹೆಂಡತಿ ನನಗೆ ಹೇಳಿಕಳಿಸಿದರು. ಹೋದೆ. ಗಂಡ ಡ್ಯೂಟಿಯಲ್ಲಿದ್ದರು. ಅಟ್ಟದಿಂದ ಇಳಿಸಿದ ಹಡಗು ಪಡಸಾಲೆಯ ಚಾಪೆಯ ಮೇಲೆ, ಪಕ್ಕದಲ್ಲಿ ರೇಡಿಯೊ ಸೆಟ್ಟು. ಬಾಮೈದ ತಲೆ ತಗ್ಗಿಸಿ ಕೂತಿದ್ದ.

“ಇದನ್ನ ಹೆಂಗೆ ತಿರುಗಿಸೋದು, ಹೇಳ್ಕೊಡಪ್ಪಾ” ಎಂದರು ಆಕೆ.

ನಾನು ಡಾಕ್ಟರ ಮಾತು ನೆನಪಿಸಿದೆ.

“ಡಾಕ್ಟ್ರು ಹೇಳಿದ್ದು ಸರಿ. ನಾನು ಮಾಡಿದ್ದೂ ಸರಿ ಅಂತ್ಲೇ ಮಾಡ್ದೆ. ಆದ್ರೆ ಈಗ ಮನೇಲಿ ಉಂಡು ಮಲಗ್ತಿದಾರಲ್ಲ, ಅವ್ರು ಯಾರೋ ನಂಗೊತ್ತಿಲ್ಲ.” ಹಡಗಿನ ಜರಿ ಇಣುಕುತ್ತಿದ್ದ ಕಡೆ ಬೆರಳಾಡಿಸಿದರು. “ಇವ್ನ ಕೈಲಿ ಇನ್ನು ಆಗಲ್ಲ. ಇವ್ನು ನಿಜವಾಗಿ ಹೊಡೆದ್ರೂ ಅವ್ರು ನಂಬಲ್ಲ. ರಟ್ಟು ಇಡ್ಸಿದ್ದು ನಾನು, ನಾನೇ ಹೊಡೀಬೇಕು.”

ಗಂಡನಿಗೆ ಭಾನುವಾರದ ಡ್ಯೂಟಿ ಇದ್ದಾಗಲೆಲ್ಲ ನಾವು ಮೂವರು ಕೆರೆಗೆ ಹೋದೆವು. ಮೊದಲ ದಿನ ಆಕೆ ಹಡಗನ್ನು ಜೊಂಡಿಗೆ ನುಗ್ಗಿಸಿದರು. ಎರಡನೆಯ ದಿನ ಒಂದು ಬಾತುಕೋಳಿಯನ್ನು ಅಟ್ಟಿದರು. ಆದರೆ ಮದುವೆಗೆ ಮುಂಚೆ ವರ್ಷಗಟ್ಟಲೆ ಮಗ್ಗದ ಮುಂದೆ ನಿಂತು, ಓಡುವ ಸಾವಿರ ಎಳೆಗಳ ನಡುವೆ ಕಿತ್ತುಹೋದ ಒಂದನ್ನು ಹಿಡಿದ ಕಣ್ಣು ಅವರದು. ಮಾರ್ಚಿನ ಹೊತ್ತಿಗೆ ತೇಲುವ ತೆಂಗಿನ ಚಿಪ್ಪಿಗೆ, ಅದು ಅಲೆಯಲ್ಲಿ ಕುಣಿಯುತ್ತಿದ್ದರೂ, ಹತ್ತರಲ್ಲಿ ಆರು ಹೊಡೆಯುತ್ತಿದ್ದರು.

ಯುಗಾದಿಗೆ ಮುಂಚಿನ ಭಾನುವಾರ ಅವರು ಗಂಡನಿಗೆ, ಕೆರೆ ಹತ್ರ ಹೋಗಿಬರೋಣ ಬನ್ನಿ ಎಂದರಂತೆ. ಸುಮ್ಮನೆ ಬಂದರು. ದಡದಲ್ಲಿ ಎರಡು ಹಡಗನ್ನೂ, ಸೆರಗು ಸೊಂಟಕ್ಕೆ ಸಿಕ್ಕಿಸಿ ವೆಲ್ಡಿಂಗ್ ಕನ್ನಡಕ ಹಾಕಿಕೊಂಡು ನಿಂತ ಹೆಂಡತಿಯನ್ನೂ ಕಂಡು, ಮೊದಲು ಆಕೆಯ ಹಡಗನ್ನೇ ಎತ್ತಿ ಒಂದು ಕಣ್ಣು ಮುಚ್ಚಿ ನಳಿಕೆಯ ಹಿಂದಿನಿಂದ ನೋಡಿದರು. ನಳಿಕೆ ತಲೆ ತಗ್ಗಿಸಿತ್ತು. ಕೆಳಗಿಟ್ಟರು. ಕೆಂಪು ರಿಬ್ಬನ್ನುಗಳನ್ನು ನಾನೇ ತೆಗೆದೆ.

ಕದನ ಶುರುವಾಯಿತು, ಆದರೆ ಕದನವೆನ್ನುವ ಹಾಗಿರಲಿಲ್ಲ. ಅವರ ಹಡಗು ದೂರದೂರಕ್ಕೆ ಸುತ್ತುತ್ತಿತ್ತು. ಹತ್ತಿರ ಬಂದಾಗಲೂ ಗುಂಡು ಹಾರಿಸುವುದು ತಡ; ಹಾರಿಸಿದ ಎರಡೂ ಆಕೆಯ ಹಡಗಿನ ಮೇಲಂತಸ್ತಿಗೆ ಬಡಿದವು. ಅವರ ಕೈಯ ಗುರಿ ನನಗೆ ಗೊತ್ತಿತ್ತು. ಬೇಕೆಂದೇ ಮೇಲೆ ಹೊಡೆಯುತ್ತಿದ್ದರು. ನಾನು ಬಾಮೈದನ ಮುಖ ನೋಡಿದೆ. ಅವನು ಕಣ್ಣು ತಪ್ಪಿಸಿದ.

ಅವರ ಹೆಂಡತಿ ನೀರಿನಿಂದ ಕಣ್ಣು ತೆಗೆಯದೆ, ಅಡುಗೆಮನೆಯಿಂದ ಮಾತಾಡುವಷ್ಟೇ ಮೆಲ್ಲಗೆ ಕೇಳಿದರು:

“ಏನ್ರೀ, ನಂಗೂ ರಟ್ಟು ಇಟ್ಟಿದೀರಾ?”

ಅವರು ತಟ್ಟನೆ ಆಕೆಯ ಕಡೆ ನೋಡಿದರು. ಚಪ್ಪಲಿ ಕಳಚಿದರು. ಒಂದು ಕಾಲನ್ನು ನೀರಿಗಿಟ್ಟರು. ಹಡಗು ನಿಂತಲ್ಲೇ ತಿರುಗಿತು.

ಆಮೇಲಿನದು ನಾನು ಕಂಡ ಕದನಗಳಲ್ಲೇ ಬಿರುಸಿನದು. ದನ ತೊಳೆಯುವವರು ತೊಳೆಯುವುದನ್ನು ಬಿಟ್ಟು ನೋಡಿದರು. ಆಕೆಯ ಹಡಗಿಗೆ ಗೆರೆಯ ಕೆಳಗೆ ಎರಡು ಬಿದ್ದು ಅದು ಎಡಕ್ಕೆ ವಾಲಿತು. ಪಂಪು ನೀರು ಕಾರುತ್ತಿತ್ತು. ಇನ್ನೊಂದು ಬಿದ್ದರೆ ಮುಗಿಯಿತು ಎಂದುಕೊಂಡೆ. ಆಕೆ ಹಿಮ್ಮೆಟ್ಟಲಿಲ್ಲ, ವಾಲಿದ ಹಡಗನ್ನೇ ಅವರ ಹಿಂಬದಿಗೆ ತಂದು, ಅವರ ಹಡಗು ತಿರುಗುತ್ತ ವಾಲಿದಾಗ ನೀರಿನಿಂದ ಮೇಲೇಳುವ ಪಕ್ಕಕ್ಕೆ ಒಂದರ ಹಿಂದೆ ಒಂದು ಹೊಡೆದರು. ಟಕ್ಕು ಟಕ್ಕೆಂಬ ಸದ್ದು ದಡಕ್ಕೂ ಕೇಳಿತು. ಹಿಂಭಾಗ ಇಳಿಯಿತು. ಮೂತಿ ಎದ್ದಿತು. ಹೋಯಿತು.

ಅವರು ಮಂಡಿಯುದ್ದ ನೀರಿನಲ್ಲಿ ನಿಂತು ಥರ್ಮೊಕೋಲಿನ ತುಂಡನ್ನೇ ನೋಡುತ್ತಿದ್ದರು.

“ಆ ಕೊನೇದು ಎಲ್ಲಿ ಬಿತ್ತು?” ಎಂದರು.

“ನೀವು ತಿರುಗ್ದಾಗ, ಬಲಕ್ಕೆ. ಯಾವಾಗ್ಲೂ ಬಲಕ್ಕೇ ತಿರುಗ್ತೀರ.”

“ಬಲಕ್ಕೇನಾ?” ಎಂದರು. ಹೌದೇ ಎಂದು ನನ್ನನ್ನೂ ಕೇಳಿದರು. ಹಡಗನ್ನು ಎತ್ತಿ ತರುವಾಗ, ತೇಪೆ ಹಾಕುವಾಗ, ಮನೆಗೆ ನಡೆಯುವಾಗ ಉದ್ದಕ್ಕೂ ಅದೇ ಮಾತು. ಆಕೆ ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸುವರು. ಇವರು ಮುಂದೆ ಹೋಗಿ, ಮತ್ತೆ ಹಿಂದೆ ಬಂದು ಇನ್ನೊಂದು ಪ್ರಶ್ನೆ ಕೇಳುವರು. ಆ ರಾತ್ರಿ ಅವರು ಹಡಗು ಬಿಚ್ಚಿ ಕೂತರು. ಹತ್ತಕ್ಕೆ ಆಕೆ ಹೋಗಿ ದೀಪ ಆರಿಸಿದರು. ಅದೊಂದು ಒಪ್ಪಂದ ಅವರಿಬ್ಬರ ನಡುವೆ ಆಮೇಲೂ ಉಳಿಯಿತು.

ಮೂರು ವರ್ಷ ಹೀಗೆ ಕಾದಾಡಿದರು. ಹೋದ ತಿಂಗಳು ಒಂದು ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಅವರು ಬಚ್ಚಲ ಬಾಗಿಲಲ್ಲಿ ಕುಸಿದರು. ಎದೆಯೇ. ಹನ್ನೊಂದನೆಯ ದಿನ ಹೋಗಿದ್ದಾಗ, ನೆಂಟರಲ್ಲಿ ಹಿರಿಯಾಕೆಯೊಬ್ಬರು ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

“ಆ ದೋಣಿಗಳೇ ತಿಂದ್ಕಂಡ್ವು ಅವನನ್ನ. ನೀನು ಹೆಂಡ್ತಿಯಾಗಿ ಬೇಡ ಅನ್ನೋದು ಬಿಟ್ಟು, ಜೊತೇಲೇ ಕುಣಿದೆಯಲ್ಲೇ.”

ಅವರ ಹೆಂಡತಿ ಎಲೆ ಒರೆಸುತ್ತಿದ್ದವರು ನಿಲ್ಲಿಸಿದರು. ನನ್ನ ಕಡೆ ತಿರುಗಿದರು.

“ನಾನು ಅವ್ರನ್ನ ಎಷ್ಟು ಸಲ ಮುಳುಗಿಸಿದೀನಪ್ಪಾ?”

ನನಗೆ ಪುಟ ತಿರುಗಿಸಬೇಕಾಗಿರಲಿಲ್ಲ. “ನೀವು ಅವರನ್ನ ಹನ್ನೊಂದು ಸಲ ಅಕ್ಕ. ಅವರು ನಿಮ್ಮನ್ನ ಒಂಬತ್ತು.”

ಅವರು ಇನ್ನೊಂದು ಎಲೆಯನ್ನು ಎತ್ತಿಕೊಂಡರು.

“ಹನ್ನೆರಡು” ಎಂದರು. “ನಿನ್ನ ತಂಗಿ ಮದ್ವೆಗೆ ಊರಿಗೆ ಹೋಗಿದ್ಯಲ್ಲ, ಆ ಭಾನುವಾರಾನೂ ಹೋಗಿದ್ವಿ. ಗೆರೆ ಕೆಳಗೇ ಮೂರು.”